‘ಬಸ್ ಸ್ಟ್ಯಾಂಡಿಗೆ ಹೋಗಬೇಡ ಅಂದ್ರೆ ಮಗ ಕೇಳಲ್ಲ ಡಾಕ್ಟ್ರೇ’

ಪ್ರಶ್ನೆ: ನಮ್ಮದು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿ. ಮಗನಿಗೆ 17 ವರ್ಷ. ಹುಟ್ಟಿದಾಗ ತಡವಾಗಿ ಅತ್ತ. ಬುದ್ಧಿ ಬೆಳವಣಿಗೆ ಕಡಿಮೆ ಅಂತ ಸರ್ಟಿಫಿಕೇಟಿನಲ್ಲಿ 50% ಬರೆದಿದ್ದಾರೆ. ಆರನೇ ವರ್ಷದಿಂದ ಫಿಟ್ಸ್ ಇದೆ, ಫೆನಿಟಾಯಿನ್ ಮಾತ್ರೆ ತಗೊಳ್ತಾನೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ. ಈಗ ಬೆಳಿಗ್ಗೆ ತಿಂಡಿ ತಿಂದು ಬಸ್ ಸ್ಟ್ಯಾಂಡಿಗೆ ಹೋದರೆ ರಾತ್ರಿಯೇ ಬರೋದು. ಅಲ್ಲಿ ಪಂಕ್ಚರ್ ಅಂಗಡಿ ಹತ್ತಿರ ಕೂರುವ ಹುಡುಗರು ಇವನ ಕೈಲಿ ಗುಟ್ಕಾ, ಎಣ್ಣೆ ತರಿಸ್ತಾರೆ. ಇವನಿಗೂ ಕೊಡ್ತಾರೆ. ಗುಟ್ಕಾ ಒಂದು ವರ್ಷದಿಂದ ಇದೆ. ಕುಡಿಯೋದು ನಾಲ್ಕೈದು ತಿಂಗಳಿಂದ, ವಾರಕ್ಕೆ ಒಂದೋ ಎರಡೋ ಸಲ. ಮಾಸಾಶನದ ದುಡ್ಡೂ ಅಲ್ಲೇ ಹೋಗ್ತಿದೆ. ಹೋದ ತಿಂಗಳು ಕುಡಿದು ಬಂದ ರಾತ್ರಿ ಮಾತ್ರೆ ಕೊಡಲಿಲ್ಲ, ಬೆಳಿಗ್ಗೆ ಜೋರಾಗಿ ಫಿಟ್ಸ್ ಬಂತು. ನಮ್ಮ ಯಜಮಾನರು ಬೆಲ್ಟಿನಲ್ಲಿ ಹೊಡೆದರು. ಅವರೂ ಭಾನುವಾರ ಒಂದು ಕ್ವಾರ್ಟರ್ ತಗೊಳ್ತಾರೆ, ಅದನ್ನ ತರೋದು ಮೊದಲಿಂದ ಇವನೇ, ಆದರೆ ಅವರು ಗಲಾಟೆ ಮಾಡೋರಲ್ಲ. ನಾದಿನಿ ಒಂದು ಪುಡಿ ತಂದುಕೊಟ್ಟಿದ್ದಾಳೆ, ಗೊತ್ತಾಗದ ಹಾಗೆ ಸಾರಿಗೆ ಹಾಕಿದರೆ ಕುಡಿತ ಬಿಡ್ತಾನಂತೆ. ಎರಡು ದಿನ ಹಾಕಿ ಹೆದರಿ ನಿಲ್ಲಿಸಿದೆ. ಆರು ತಿಂಗಳು ಕುಡಿತ ಬಿಡಿಸೋ ಸೆಂಟರಿಗೆ ಸೇರಿಸಿ ಅಂತಾರೆ ಕೆಲವರು. ‘ಅವನಿಗೆ ಬೇರೆ ಏನು ಸುಖ ಇದೆ, ಬಿಟ್ಟುಬಿಡಿ’ ಅಂತಾರೆ ಇನ್ನು ಕೆಲವರು. ಬುದ್ಧಿ ಕಡಿಮೆ ಇರೋದಕ್ಕೇ ಹೀಗಾಯ್ತಾ? ನಮ್ಮಿಂದ ಏನು ತಪ್ಪಾಯ್ತು?

ಉತ್ತರ: ಅಮ್ಮಾ, ಪುಡಿ ನಿಲ್ಲಿಸಿದ್ದು ಒಳ್ಳೆಯದಾಯಿತು. ಮತ್ತೆ ಹಾಕಬೇಡಿ. ಮೊದಲು ಪುಡಿ ಮತ್ತು ಫಿಟ್ಸ್ ವಿಷಯ ಮುಗಿಸಿಬಿಡೋಣ. ಉಳಿದದ್ದಕ್ಕೆ ಸ್ವಲ್ಪ ಸಮಯವಿದೆ, ಇವೆರಡಕ್ಕೆ ಇಲ್ಲ.

ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ನಾವೂ ಬರೆದುಕೊಡುತ್ತೇವೆ. ಆದರೆ ರೋಗಿಗೆ ಎಲ್ಲ ವಿವರಿಸಿ, ಅವನು ಒಪ್ಪಿದ ಮೇಲೆ, ಹೃದಯ ಮತ್ತು ಲಿವರ್ ಪರೀಕ್ಷೆ ಮಾಡಿಸಿ ಕೊಡುವ ಮಾತ್ರೆ ಅದು. ಅದು ಮೈಯಲ್ಲಿರುವಾಗ ಒಂದು ಗುಟುಕು ಕುಡಿದರೂ ಮುಖ ಕೆಂಪಾಗುತ್ತದೆ, ವಾಂತಿ ಶುರುವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಇಳಿಯುತ್ತದೆ. ಜೀವ ಹೋದದ್ದೂ ಉಂಟು. ಮನೆಯವರು ಇದನ್ನು ಕುಟ್ಟಿ ಪುಡಿ ಮಾಡಿ ಊಟದಲ್ಲಿ ಬೆರೆಸುವುದನ್ನು ನಾನು ಹಲವು ಸಲ ನೋಡಿದ್ದೇನೆ. ನಿಮ್ಮ ಪೊಟ್ಟಣದಲ್ಲಿ ಇರುವುದು ಅದೇ ಎಂದು ನಾನು ಹೇಳುತ್ತಿಲ್ಲ. ಅದೇ ಆಗಿದ್ದರೆ ನಿಮ್ಮ ಮಗನಿಗೆ ಇನ್ನೊಂದು ತೊಂದರೆಯಿದೆ. ಡೈಸಲ್ಫಿರಾಮ್ ಜೊತೆ ಸೇರಿದಾಗ ಫೆನಿಟಾಯಿನ್ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಆಗ ಹುಡುಗ ತೂರಾಡುತ್ತಾನೆ, ಮಾತು ತೊದಲುತ್ತದೆ. ಮನೆಯವರು ‘ಇವತ್ತೂ ಕುಡಿದು ಬಂದ’ ಅಂತ ಇನ್ನೊಂದು ಚಮಚ ಪುಡಿ ಹಾಕುತ್ತಾರೆ!

ಇನ್ನು ಫಿಟ್ಸ್. ಕುಡಿದಿದ್ದಾನೆ, ಮೇಲೆ ಮಾತ್ರೆ ಕೊಟ್ಟರೆ ಏನಾದರೂ ಆದೀತು ಅಂತ ನೀವು ಹೆದರಿದ್ದೀರಿ. ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಆದರೆ ನಿದ್ದೆಗೆಟ್ಟ ರಾತ್ರಿ, ಎಣ್ಣೆ ಇಳಿಯುವ ಬೆಳಗಿನ ಹೊತ್ತು, ತಪ್ಪಿದ ಒಂದು ಮಾತ್ರೆ, ಈ ಮೂರೂ ಸೇರಿದರೆ ಫಿಟ್ಸ್ ಬರುವ ಅಪಾಯ ಬಹಳ ಹೆಚ್ಚು. ಕುಡಿದು ಬಂದರೂ ಎಚ್ಚರವಾಗಿ ಮಾತಾಡುತ್ತಿದ್ದರೆ, ನೀರು ಸರಿಯಾಗಿ ನುಂಗುತ್ತಿದ್ದರೆ, ಮಾತ್ರೆ ತಪ್ಪಿಸಬೇಡಿ. ಅಲುಗಾಡಿಸಿದರೂ ಕಣ್ಣು ಬಿಡದಿದ್ದರೆ ಮನೆಯಲ್ಲಿ ಮಲಗಿಸಬೇಡಿ, 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬೀಗದ ಕೈ, ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ ಆಗಲೂ 108.

ವಾರಕ್ಕೆ ಒಂದೆರಡು ಸಲ ಕುಡಿಯುವವನು ನಿಲ್ಲಿಸಿದರೆ ಮೈ ನಡುಗುವಂಥ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ದಿನಾ ಕುಡಿಯುವ ಮಟ್ಟಕ್ಕೆ ಹೋದ ಮೇಲೆ ಏಕಾಏಕಿ ಕೋಣೆಯಲ್ಲಿ ಕೂಡಿಹಾಕಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೊದಲೇ ಫಿಟ್ಸ್ ಇರುವವನಿಗೆ ಇನ್ನೂ ಅಪಾಯ. ಹಾಗಾಗಿ ಅವನು ನಿಜಕ್ಕೂ ಎಷ್ಟು ಕುಡಿಯುತ್ತಿದ್ದಾನೆ ಅನ್ನುವುದು ಗೊತ್ತಾಗಬೇಕು.

ಅದನ್ನು ತಿಳಿಯುವುದು ಸುಲಭವಲ್ಲ. ಇಂಥ ಮಕ್ಕಳು ಎಲ್ಲದಕ್ಕೂ ‘ಹೂಂ’ ಅನ್ನುತ್ತಾರೆ. ಬೈದ ದನಿಯಲ್ಲಿ ಕೇಳಿದರೆ ಎಲ್ಲದಕ್ಕೂ ‘ಇಲ್ಲ’. ಒಮ್ಮೆ ಒಬ್ಬ ಹುಡುಗನನ್ನು ‘ಕುಡೀತೀಯಾ?’ ಅಂತ ಕೇಳಿದೆ. ಇಲ್ಲ ಅಂದ. ಅವನ ಅಪ್ಪ ಪಕ್ಕದಲ್ಲೇ ‘ಸುಳ್ಳು’ ಅಂತ ಗದರಿದರು. ಅಪ್ಪನನ್ನು ಹೊರಗೆ ಕಳಿಸಿ, ಫ್ರೆಂಡ್ಸ್ ಜೊತೆ ಕೂತಾಗ ಲೋಟದಲ್ಲಿ ಏನು ಹಾಕಿಕೊಡ್ತಾರೆ ಅಂತ ಕೇಳಿದೆ. ‘ಜ್ಯೂಸು. ಕಹಿ ಜ್ಯೂಸು’ ಅಂದ. ಅವನು ಸುಳ್ಳು ಹೇಳಿರಲೇ ಇಲ್ಲ. ಅದು ಎಣ್ಣೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಬುದ್ಧಿ ಕಡಿಮೆ ಇರುವುದಕ್ಕೇ ಹೀಗಾಯಿತಾ ಅಂತ ಕೇಳಿದ್ದೀರಿ. ಒಟ್ಟಾರೆ ನೋಡಿದರೆ ಬುದ್ಧಿ ಬೆಳವಣಿಗೆ ಕಡಿಮೆ ಇರುವವರಲ್ಲಿ ಕುಡಿಯುವವರ ಸಂಖ್ಯೆ ಉಳಿದವರಿಗಿಂತ ಕಡಿಮೆಯೇ. ಆದರೆ ಒಮ್ಮೆ ಶುರು ಮಾಡಿದವರಿಗೆ ಅದು ಚಟವಾಗುವ, ತೊಂದರೆ ತರುವ ಸಾಧ್ಯತೆ ಜಾಸ್ತಿ. ಅದರಲ್ಲೂ ನಿಮ್ಮ ಮಗನಂತೆ ಕೊರತೆ ಸೌಮ್ಯವಾಗಿರುವವರಿಗೆ. ಇವರು ಒಬ್ಬರೇ ಅಂಗಡಿಗೆ ಹೋಗಬಲ್ಲರು, ದುಡ್ಡು ಕೊಟ್ಟು ಸಾಮಾನು ತರಬಲ್ಲರು. ಆದರೆ ‘ಇವನು ನನ್ನನ್ನು ಬಳಸಿಕೊಳ್ಳುತ್ತಿದ್ದಾನೆ’ ಅಂತ ಗುರುತಿಸುವುದು ಕಷ್ಟ. ಎರಡರ ನಡುವಿನ ಈ ಅಂತರವೇ ಅಪಾಯದ ಜಾಗ. ಪೂರ್ತಿ ಮನೆಯಲ್ಲೇ ಇರುವ ಮಗುವಿಗೆ ಬಸ್ ಸ್ಟ್ಯಾಂಡ್ ಸಿಗುವುದಿಲ್ಲ. ಪೂರ್ತಿ ತಿಳಿವಳಿಕೆ ಇರುವವನು ‘ನೀನೇ ಹೋಗಿ ತಗೊಂಡು ಬಾ’ ಅಂತಾನೆ.

ಸ್ಕೂಲಿನಲ್ಲಿ ತಂಬಾಕು ಬೇಡ, ಕುಡಿತ ಬೇಡ ಅಂತ ಪಾಠ ಮಾಡಿರುತ್ತಾರೆ, ಆದರೆ ಅವನಿಗೆ ಅರ್ಥವಾಗುವ ಹಾಗೆ ಯಾರು ಮಾಡಿದ್ದಾರೆ? ‘ಇಪ್ಪತ್ತು ವರ್ಷ ಆದಮೇಲೆ ಕ್ಯಾನ್ಸರ್ ಬರುತ್ತೆ’ ಅಂದರೆ ಅವನಿಗೆ ಇಪ್ಪತ್ತು ವರ್ಷ ಅನ್ನುವುದೇ ಹಿಡಿತಕ್ಕೆ ಸಿಗುವುದಿಲ್ಲ. ಬೇರೆ ಊನವಿರುವ ಮಕ್ಕಳದ್ದೂ ಬೇರೆ ರೀತಿಯಲ್ಲಿ ಇದೇ ಕಥೆ. ಕಿವಿ ಕೇಳದ ಹುಡುಗ ಸನ್ನೆ ಭಾಷೆ ಬಲ್ಲವರು ಒಬ್ಬರೂ ಇಲ್ಲದ ವ್ಯಸನಮುಕ್ತಿ ಕೇಂದ್ರದಲ್ಲಿ ತಿಂಗಳುಗಟ್ಟಲೆ ಗೋಡೆ ನೋಡುತ್ತಾ ಕೂರುತ್ತಾನೆ. ಬೆನ್ನುಹುರಿಗೆ ಪೆಟ್ಟಾದ ಕೆಲವರಿಗೆ ನೋವಿನ ಮಾತ್ರೆಯೇ ನಿಧಾನವಾಗಿ ಚಟವಾಗುತ್ತದೆ.

ಈಗ ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಬರೆದು ಮುಂದೆ ಹೋದ ಒಂದು ಸಾಲಿಗೆ ಬರುತ್ತೇನೆ. ಯಜಮಾನರ ಕ್ವಾರ್ಟರ್ ತರುವುದು ‘ಮೊದಲಿಂದ ಇವನೇ’. ನನ್ನ ಊಹೆ ಹೇಳುತ್ತೇನೆ, ತಪ್ಪಿದ್ದರೆ ಬಿಟ್ಟುಬಿಡಿ. ಮೊದಲ ಸಲ ಅವನು ಒಬ್ಬನೇ ಹೋಗಿ, ಸರಿಯಾದ ಬಾಟಲಿ, ಸರಿಯಾದ ಚಿಲ್ಲರೆ ತಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿಯಾಗಿರುತ್ತದೆ. ‘ನೋಡು, ನಮ್ಮ ಹುಡುಗ ಎಷ್ಟು ಶಾಣ್ಯಾ’ ಅಂದಿರುತ್ತೀರಿ. ಓದಿನಲ್ಲಿ, ಆಟದಲ್ಲಿ, ನೆಂಟರ ಮನೆಯಲ್ಲಿ ಎಲ್ಲೂ ಸಿಗದ ಹೊಗಳಿಕೆ ಅವನಿಗೆ ಈ ಒಂದು ಕೆಲಸಕ್ಕೆ ಸಿಕ್ಕಿದೆ. ಈಗ ಬಸ್ ಸ್ಟ್ಯಾಂಡಿನಲ್ಲಿ ಮಾಡುತ್ತಿರುವುದೂ ಅದೇ ಕೆಲಸ. ಅಲ್ಲೂ ‘ಬಾ ಮಗಾ’ ಅಂತಾರೆ, ಹೆಗಲ ಮೇಲೆ ಕೈ ಹಾಕ್ತಾರೆ, ಪಾಲು ಕೊಡ್ತಾರೆ. ಅದೇ ಕೆಲಸಕ್ಕೆ ಮನೆಯಲ್ಲಿ ಭಾನುವಾರ ಶಹಬ್ಬಾಸ್, ಸೋಮವಾರ ಬೆಲ್ಟು. ಹುಡುಗನಿಗೆ ಇದರಲ್ಲಿ ಏನು ಅರ್ಥವಾಗಬೇಕು ಹೇಳಿ?

ಯಜಮಾನರನ್ನು ಕಟಕಟೆಗೆ ನಿಲ್ಲಿಸಲು ಇದನ್ನು ಹೇಳುತ್ತಿಲ್ಲ. ನಮ್ಮ ಊರುಗಳಲ್ಲಿ ಮಕ್ಕಳ ಕೈಲಿ ಬೀಡಿ, ಎಲೆ-ಅಡಿಕೆ, ಎಣ್ಣೆ ತರಿಸದ ಮನೆ ಎಷ್ಟಿದೆ? ಆದರೆ ನಿಮ್ಮ ಮನೆಯಲ್ಲಿ ಅದು ಈ ಭಾನುವಾರದಿಂದ ನಿಲ್ಲಬೇಕು. ಅವರು ಕುಡಿಯುವುದು ಬಿಡದಿದ್ದರೂ ತರುವುದು ಅವರೇ, ಅವನ ಕಣ್ಣಿಗೆ ಬೀಳದ ಹಾಗೆ. ಬಾಟಲಿ ತೊಳೆಯುವುದೂ ಅವನ ಕೆಲಸವಲ್ಲ. ಬೆಲ್ಟು ಒಳಗಿಡಿ. ಹೊಡೆತದಿಂದ ಅವನು ಕಲಿಯುವುದು ಮನೆಗೆ ತಡವಾಗಿ ಬರಬೇಕು ಅನ್ನುವುದೊಂದನ್ನೇ.

ಹಾಗಾಗಿ ‘ಬಸ್ ಸ್ಟ್ಯಾಂಡಿಗೆ ಹೋಗಬೇಡ’ ಅನ್ನುವುದು ಪ್ರಯೋಜನಕ್ಕೆ ಬರುವ ಮಾತಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿವರೆಗೆ ಅವನಿಗೆ ಬೇರೆ ಜಾಗ ಎಲ್ಲಿದೆ? ಸ್ಕೂಲು ಬಿಟ್ಟ ದಿನದಿಂದ ಆ ಹುಡುಗನ ದಿನ ಖಾಲಿ. ಚಿಕಿತ್ಸೆಯ ಅರ್ಧ ಭಾಗ ಈ ಖಾಲಿ ದಿನಕ್ಕೆ ಮಾಡುವ ಚಿಕಿತ್ಸೆ. ನನ್ನ ಅನುಭವದಲ್ಲಿ ಮಾತ್ರೆಗಿಂತ ಹೆಚ್ಚು ಹುಡುಗರನ್ನು ಎಬ್ಬಿಸಿ ನಿಲ್ಲಿಸಿರುವುದು ಇದು. ಅವನಿಗೆ ಸಾಮಾನು ತರುವುದು, ಲೆಕ್ಕ ಒಪ್ಪಿಸುವುದು ಇಷ್ಟ ಅಂತ ಗೊತ್ತಾಯಿತಲ್ಲ. ಅದೇ ಇಷ್ಟಕ್ಕೆ ಬೇರೆ ಕೆಲಸ ಹುಡುಕಿ. ಡೇರಿಗೆ ಎರಡು ಹೊತ್ತು ಹಾಲು ಹಾಕಿ ಚೀಟಿ ತರುವುದು. ಪರಿಚಯದ ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುವುದು, ಆದರೆ ಬಾಗಿಲಲ್ಲಿ ಗುಟ್ಕಾ ಸರ ನೇತುಹಾಕಿರುವ ಅಂಗಡಿ ಬೇಡ. ಒಂದೆರಡು ಕುರಿ ಕೊಡಿಸಿದರೂ ಆಗುತ್ತದೆ. ಒಂದು ಕುಟುಂಬ ಮಗನಿಗೆ ಮನೆ ಮನೆಗೆ ಹೂವು ಹಾಕುವ ಕೆಲಸ ಹಚ್ಚಿತು. ಎಲ್ಲರ ಬಾಗಿಲಲ್ಲೂ ಅವನ ಹೆಸರು ಹಿಡಿದು ಕರೆಯುವವರು ಸಿಕ್ಕರು. ಫಿಟ್ಸ್ ಇರುವುದರಿಂದ ಬಾವಿ, ಕೆರೆ, ಎತ್ತರ, ಓಡುವ ಮಷೀನು, ಬೆಂಕಿ ಇರುವ ಕೆಲಸ ಬೇಡ. ಗಾಡಿ ಓಡಿಸುವುದೂ ಬೇಡ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸಕ್ಕೇ ಅಂತ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯು ಅಂತಾರೆ. ತಾಲೂಕಿನಲ್ಲಿ ಅವರ ಮೇಲಿನವರು ಎಂಆರ್‌ಡಬ್ಲ್ಯು. ಮಾಸಾಶನ ಮಾಡಿಸಲು ಅವರನ್ನು ನೋಡಿರುತ್ತೀರಿ. ಈಗ ಬೇರೆ ಕೆಲಸಕ್ಕೆ ಹೋಗಿ: ಹತ್ತಿರದಲ್ಲಿ ತರಬೇತಿ ಕೇಂದ್ರ, ಹಗಲು ಆರೈಕೆ ಕೇಂದ್ರ ಏನಿದೆ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ 40%ಗಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಒಂಬತ್ತನೇ ಕ್ಲಾಸಿಗೆ ನಿಂತದ್ದನ್ನು ಓಪನ್ ಸ್ಕೂಲಿನಲ್ಲಿ ಮುಂದುವರಿಸಬಹುದಾ ನೋಡಿ. ಅವನಿಗೆ ಮನಸ್ಸಿದ್ದರೆ ಮಾತ್ರ.

ಮಾಸಾಶನದ ದುಡ್ಡು ಪೂರ್ತಿ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಕದಿಯುವುದು ಶುರುವಾಗುತ್ತದೆ, ಅಥವಾ ಆ ಹುಡುಗರು ಸಾಲ ಕೊಡುತ್ತಾರೆ. ದಿನಕ್ಕೆ ಇಷ್ಟು ಅಂತ ಚಿಲ್ಲರೆ ಕೊಡಿ, ಸಂಜೆ ಲೆಕ್ಕ ಕೇಳಿ. ಲೆಕ್ಕ ಒಪ್ಪಿಸುವುದು ಅವನಿಗೆ ಹೆಮ್ಮೆಯ ಕೆಲಸ ಅಲ್ವಾ.

ಬಸ್ ಸ್ಟ್ಯಾಂಡಿನ ಅಂಗಡಿಯವರೊಂದಿಗೆ ಮಾತಾಡಬೇಕು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆಮೇಲೆ ಏನಾಯಿತು ನಿಮಗೂ ಗೊತ್ತು: ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಎರಡನ್ನೂ ಬಾಯಲ್ಲಿ ಸೇರಿಸಿಕೊಂಡರೆ ಗುಟ್ಕಾ. ಈಗ ತಂಬಾಕು ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತೆಯೇ ಇಲ್ಲ. ಬೇರೆಯವರಿಗೆ ಒಯ್ಯುತ್ತಿದ್ದಾನೆ ಅನ್ನುವ ನೆಪ ನಡೆಯುವುದಿಲ್ಲ. ಅದಕ್ಕಿಂತ ಗಟ್ಟಿ ಕಾನೂನು 2015ರ ಬಾಲನ್ಯಾಯ ಕಾಯ್ದೆ. 18ರೊಳಗಿನ ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟರೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆ ಮಗುವಿಗೆ ಅಂಗವೈಕಲ್ಯ ಇದೆ ಅಂತ ವೈದ್ಯರ ಸರ್ಟಿಫಿಕೇಟ್ ಇದ್ದರೆ ಶಿಕ್ಷೆ ಎರಡು ಪಟ್ಟು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಪೊಲೀಸರಲ್ಲೂ ಕೆಲವರಿಗೆ. ಮೊದಲ ದಿನವೇ ಸ್ಟೇಷನ್ನಿಗೆ ಹೋಗಿ ಅನ್ನುವುದಿಲ್ಲ. ಒಂದೇ ಊರಿನಲ್ಲಿ ಬದುಕಬೇಕಾದವರು ನೀವು. ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ‘ಇವನಿಗೆ ಫಿಟ್ಸ್ ಇದೆ, ನಿಮ್ಮ ಅಂಗಡಿ ಮುಂದೆ ಬಿದ್ದರೆ ನಿಮ್ಮ ತಲೆಗೇ ಬರುತ್ತೆ’ ಅಂತ ಹೇಳಿಸಿ. ಬಹಳಷ್ಟು ಅಂಗಡಿಯವರಿಗೆ ಅಷ್ಟು ಸಾಕಾಗುತ್ತದೆ. ಆ ಹುಡುಗರು ಗಾಂಜಾ ತರಿಸುತ್ತಿದ್ದಾರೆ ಅಂತ ಗೊತ್ತಾದರೆ ಮಾತ್ರ ತಡಮಾಡಬೇಡಿ, ಸಿಕ್ಕಿಬೀಳುವುದು ಕೈಯಲ್ಲಿ ಪೊಟ್ಟಣ ಹಿಡಿದ ನಿಮ್ಮ ಮಗ. 1098 ಮಕ್ಕಳ ಸಹಾಯವಾಣಿಗೆ ಹೇಳಿ.

ಎರಡು ವಿಷಯ ಮೆಲ್ಲಗೆ ವಿಚಾರಿಸಿ. ಪಂಕ್ಚರ್ ಅಂಗಡಿ ಅಂದಿರಿ. ಅಲ್ಲಿ ಟ್ಯೂಬಿಗೆ ತೇಪೆ ಅಂಟಿಸುವ ಸೊಲ್ಯೂಷನ್ ಮೂಸುತ್ತಾನಾ? ಬಟ್ಟೆಯಲ್ಲಿ, ಉಸಿರಿನಲ್ಲಿ ಆ ವಾಸನೆ, ಮೂಗು-ಬಾಯಿ ಸುತ್ತ ಗುಳ್ಳೆ ಇದೆಯಾ ನೋಡಿ. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ನಶೆ ಇದೊಂದೇ: 10ರಿಂದ 17 ವಯಸ್ಸಿನವರಲ್ಲಿ 1.17%, ದೊಡ್ಡವರಲ್ಲಿ 0.58%. ಮೂಸುತ್ತಿರುವಾಗಲೇ ಹೃದಯ ನಿಂತುಹೋಗಬಹುದು, ಅದು ಮೊದಲ ಸಲವೇ ಆಗಬಹುದು. ಎರಡನೆಯದು, ಕುಡಿಸಿ ಅವನ ಮೈಮುಟ್ಟುವವರು ಯಾರಾದರೂ ಇದ್ದಾರಾ? ಗಂಡು ಹುಡುಗ ಅಂತ ಯಾರೂ ಇದನ್ನು ಕೇಳುವುದೇ ಇಲ್ಲ. ನಾನು ಇಂಥ ಪ್ರತಿಯೊಬ್ಬ ಹುಡುಗನಿಗೂ ಕೇಳುತ್ತೇನೆ.

ಅವನ ಜೊತೆ ಮಾತಾಡುವಾಗ ಒಂದು ಸಲಕ್ಕೆ ಒಂದೇ ವಿಷಯ. ‘ಎಣ್ಣೆ ಕುಡಿದರೆ ಫಿಟ್ಸ್ ಬರುತ್ತೆ. ಅವತ್ತು ಬಿದ್ದು ತುಟಿ ಒಡೀತಲ್ಲ, ಹಾಗೆ.’ ಅವನಿಗೆ ನೆನಪಿರುವ ಘಟನೆ ಹಿಡಿದು ಹೇಳಿ. ಆಮೇಲೆ ಅವನ ಬಾಯಲ್ಲೇ ಹೇಳಿಸಿ. ಯಾರಾದರೂ ಲೋಟ ಕೊಟ್ಟರೆ ಹೇಳುವ ಮಾತನ್ನು ನಾಟಕದ ಹಾಗೆ ಮನೆಯಲ್ಲಿ ಅಭ್ಯಾಸ ಮಾಡಿಸಿ: ‘ಬೇಡ, ನಂಗೆ ಫಿಟ್ಸ್ ಬರುತ್ತೆ.’ ನೀವು ಲೋಟ ಹಿಡಿಯಿರಿ, ಅವನು ಬೇಡ ಅನ್ನಲಿ. ನಗು ಬರುತ್ತದೆ, ಬರಲಿ. ದಿನಾ ಐದು ನಿಮಿಷ, ತಿಂಗಳುಗಟ್ಟಲೆ. ಗುಟ್ಕಾಕ್ಕೆ ಇನ್ನೊಂದು: ಅವನ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತಾ ನೋಡಿ. ಹೋಗದಿದ್ದರೆ ಬಾಯಿ ಬಿಗಿಯಾಗಲು ಶುರುವಾಗಿದೆ, ಹಲ್ಲಿನ ಡಾಕ್ಟರಿಗೆ ತೋರಿಸಿ. ಖಾರ ತಿಂದರೆ ಬಾಯಿ ಉರಿಯುವುದೂ ಇದರ ಗುರುತೇ, ಆದರೆ ಅದನ್ನು ಅವನಾಗಿ ಹೇಳಲಾರ.

ಸೆಂಟರ್ ವಿಷಯ. ನಿಮ್ಮ ಮಗನಿಗೆ ಸದ್ಯಕ್ಕೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಖಾಸಗಿ ಕೇಂದ್ರಗಳಲ್ಲಿ ಒಳ್ಳೆಯವೂ ಇವೆ. ಆದರೆ ಅಲ್ಲಿ ಚಿಕಿತ್ಸೆ ಅಂದರೆ ಬಹುಪಾಲು ಗುಂಪಿನಲ್ಲಿ ಕೂತು ಮಾತಾಡುವುದು, ಕೇಳುವುದು, ಬರೆಯುವುದು. ಅದು ಅವನನ್ನು ಮುಟ್ಟುವುದಿಲ್ಲ. ದೊಡ್ಡ ಕುಡುಕರ ನಡುವೆ ಅವನು ಮತ್ತೆ ‘ಬಾ ಮಗಾ, ನೀರು ತಗೊಂಡು ಬಾ’ ಆಗುತ್ತಾನೆ. ರಾತ್ರಿ ಫಿಟ್ಸ್ ಬಂದರೆ ಡಾಕ್ಟರು ಇರುತ್ತಾರಾ? 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ 18 ವರ್ಷದೊಳಗಿನವರನ್ನು ದೊಡ್ಡವರ ಜೊತೆ ಇರಿಸುವಂತಿಲ್ಲ, ಮನೆಯವರು ಅಥವಾ ಅವರು ನೇಮಿಸಿದವರೊಬ್ಬರು ಪೂರ್ತಿ ದಿನ ಜೊತೆಗಿರಬೇಕು. ಸರಪಳಿ ಹಾಕುವುದು ಯಾರಿಗೂ, ಯಾವ ಕಾರಣಕ್ಕೂ ನಿಷಿದ್ಧ. ‘ಬಿಟ್ಟು ಹೋಗಿ, ಮೂರು ತಿಂಗಳು ನೋಡೋಕೆ ಬರಬೇಡಿ’ ಅನ್ನುವ ಕೇಂದ್ರದಿಂದ ಹಾಗೇ ವಾಪಸ್ ಬನ್ನಿ.

ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ದಾಖಲಾಗದೆ ಬಂದು ಹೋಗುವ ಚಿಕಿತ್ಸೆಯೇ ನಿಮಗೆ ಸಾಕಾಗಬಹುದು. ಫಿಟ್ಸ್ ಹತೋಟಿಗೆ ಬರದಿದ್ದರೆ ಕೆಲವು ದಿನ ದಾಖಲು, ನೀವು ಪಕ್ಕದಲ್ಲಿದ್ದು. ಅದಕ್ಕೂ ಮೀರಿದ್ದಾದರೆ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ವ್ಯಸನಕ್ಕೇ ಬೇರೆ ವಿಭಾಗವಿದೆ. ಫೋನಿನಲ್ಲಿ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಫೆನಿಟಾಯಿನ್ ಮುಂದುವರಿಸಬೇಕಾ, ಬೇರೆ ಮಾತ್ರೆಗೆ ಬದಲಾಯಿಸಬೇಕಾ ಅಂತಲೂ ಕೇಳಿ. ನೀವಾಗಿ ನಿಲ್ಲಿಸಬೇಡಿ.

‘ಬೇರೆ ಏನು ಸುಖ ಇದೆ, ಬಿಟ್ಟುಬಿಡಿ’ ಅನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಕರುಣೆಯ ಮಾತಿನ ಹಾಗೆ ಕೇಳುತ್ತದೆ, ಆದರೆ ತಮ್ಮ ಮಗನ ಬಗ್ಗೆ ಅವರು ಹೀಗೆ ಹೇಳುವುದಿಲ್ಲ. ಮುಂದೆ ‘ಮದುವೆ ಮಾಡಿ, ಸರಿಹೋಗ್ತಾನೆ’ ಅಂತಲೂ ಬರುತ್ತಾರೆ. ಒಂದು ಹೆಣ್ಣುಮಗಳನ್ನು ಔಷಧಿ ಮಾಡಿಕೊಳ್ಳಬೇಡಿ.

ತಪ್ಪು ನಿಮ್ಮದಾ ಅಂತ ಕೇಳಿದ್ದಿರಿ. ಸ್ಕೂಲು ಬಿಟ್ಟಾಗ ಯಾಕೆ ಬಿಟ್ಟ ಅಂತ ಮನೆ ಬಾಗಿಲಿಗೆ ಬಂದು ಕೇಳಬೇಕಾದವರು ಬರಲಿಲ್ಲ. ಅಂಗಡಿಯವರು ನೋಡಿಯೂ ಕೊಟ್ಟರು. ನಿಮ್ಮ ಪಾಲು ಇದ್ದರೆ ಆ ಭಾನುವಾರದ ಬಾಟಲಿಯಷ್ಟು. ಅದನ್ನು ಸರಿಮಾಡುವುದು ನಿಮ್ಮ ಕೈಯಲ್ಲೇ ಇದೆ. ನಡುವೆ ಅವನು ಮತ್ತೆ ಕುಡಿದು ಬರುತ್ತಾನೆ, ಎರಡು ಸಲವೋ ನಾಲ್ಕು ಸಲವೋ. ಅವತ್ತೂ ಮಾತ್ರೆ ಕೊಡಿ, ಊಟ ಕೊಡಿ, ಮಾತು ಮರುದಿನಕ್ಕಿರಲಿ.

ಆಸ್ಪತ್ರೆಗೆ ಕರೆತರುವಾಗ ‘ಬಟ್ಟೆ ಕೊಡಿಸ್ತೀನಿ ಬಾ’ ಅಂತ ಸುಳ್ಳು ಹೇಳಬೇಡಿ, ಮುಂದಿನ ಸಲ ಬಸ್ ಹತ್ತುವುದಿಲ್ಲ. ‘ಫಿಟ್ಸ್ ಡಾಕ್ಟರ ಹತ್ತಿರ ಹೋಗೋಣ’ ಅನ್ನಿ, ಅದು ನಿಜವೂ ಹೌದು. ಹಳೆಯ ಚೀಟಿ, ಈಗಿನ ಮಾತ್ರೆ ಹಾಳೆ, ಅಂಗವೈಕಲ್ಯದ ಗುರುತಿನ ಚೀಟಿ (ಯುಡಿಐಡಿ ಕಾರ್ಡು), ಆಧಾರ್ ತನ್ನಿ. ಯಜಮಾನರನ್ನೂ ಕರೆತನ್ನಿ, ಆದರೆ ಕುಡಿಯದ ದಿನ. ಆ ಪುಡಿಯ ಪೊಟ್ಟಣವನ್ನು ಒಲೆಗೆ ಹಾಕಬೇಡಿ. ಎರಡು ದಿನ ಅವನ ಹೊಟ್ಟೆಗೆ ಹೋಗಿದೆಯಲ್ಲ, ಡಾಕ್ಟರು ಅದನ್ನು ನೋಡಬೇಕು.